ಇಟಾಲಿಯನ್ನರಿಗೆ ಇಂಗ್ಲಿಷ್ ಕಲಿಸುವ ವಿಡಿಯೊ ಕೋರ್ಸ್: ಆರ್ಟಿಕಲ್ ಪಾಸು, ಮೋಡಲ್ ನಪಾಸು

ಈ ಕೋರ್ಸಿನ ಮೊದಲರ್ಧ ಮಾಡಿದವರೇ ಎರಡನೆಯದನ್ನೂ ಮಾಡಿದ್ದಾರಾ ಅಂತ ನನಗೆ ಅನುಮಾನ. ಇಟಾಲಿಯನ್ ಮಾತೃಭಾಷೆಯವರಿಗೆಂದೇ ತಯಾರಿಸಿದ ಇಂಗ್ಲಿಷ್ ವಿಡಿಯೊ ಪಾಠಗಳಿವು, ಜೊತೆಗೆ ಒಂದು ಅಭ್ಯಾಸ ಪುಸ್ತಕ. ವಿಷಯ ಎರಡೇ: ಎ, ಆ್ಯನ್, ದಿ ಎಂಬ ಆರ್ಟಿಕಲ್‌ಗಳು, ಮತ್ತು ಕ್ಯಾನ್, ಮಸ್ಟ್, ಶುಡ್‌ನಂಥ ಮೋಡಲ್ ಕ್ರಿಯಾಪದಗಳು. ಕೊಂಡಿದ್ದು ನನ್ನ ಗಂಡನಿಗಾಗಿ. ಅವನು ಟೊರಿನೊದಲ್ಲೇ ಹುಟ್ಟಿ ಬೆಳೆದವನು, ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುತ್ತಾನೆ. ಹೊರದೇಶದ ಸರಬರಾಜುದಾರರ ಜೊತೆ ಫೋನಿನಲ್ಲಿ ಇಂಗ್ಲಿಷ್ ಮಾತಾಡಲೇಬೇಕಾಗಿ ಬಂದಾಗ ಕಲಿಯದೆ ವಿಧಿಯಿರಲಿಲ್ಲ. ಪಕ್ಕದಲ್ಲಿ ಕೂತು ತಪ್ಪು ತಿದ್ದುವ ಕೆಲಸ ನನ್ನದು.

ಆರ್ಟಿಕಲ್ ಭಾಗವನ್ನು ಮನಸಾರೆ ಹೊಗಳುತ್ತೇನೆ. ಕನ್ನಡದವರಿಗೆ ಆರ್ಟಿಕಲ್ಲೇ ಹೊಸದು, ಎಲ್ಲಿ ಹಾಕಬೇಕೆಂದು ತಿಳಿಯದೆ ಬಿಟ್ಟುಬಿಡುತ್ತೇವೆ. ಇಟಾಲಿಯನ್ನರ ಕಷ್ಟ ತಿರುಗುಮುರುಗು: ಅವರಿಗೆ ಬಿಡುವುದೇ ಬರುವುದಿಲ್ಲ. ದಿ ಎಂಬ ಒಂದು ಪದದ ಜಾಗದಲ್ಲಿ ಅವರಿಗೆ ಇಲ್, ಲೊ, ಲಾ, ಇ, ಲ್ಯಿ, ಲೆ ಇವೆ, ಸ್ವರದಿಂದ ಶುರುವಾಗುವ ಪದಕ್ಕೆ ಹಾಕುವ ಮೊಟಕು ರೂಪವೂ ಸೇರಿ ಒಟ್ಟು 7. ದೇಶದ ಹೆಸರಿಗೆ, ಪ್ರೀತಿ, ಬದುಕಿನಂಥ ಮಾತುಗಳಿಗೆ, ಕೊನೆಗೆ 'ನನ್ನ ಮನೆ' ಅನ್ನುವಾಗಲೂ ಆರ್ಟಿಕಲ್ ಬೇಕು: ಲಾ ಮಿಯಾ ಕಾಸಾ. ಹೀಗಾಗಿ ನಮ್ಮನೆಯವನ ಇಂಗ್ಲಿಷಿನಲ್ಲಿ 'ದಿ ಮೈ ಹೌಸ್', 'ದಿ ಇಟಲಿ', 'ಐ ಲೈಕ್ ದಿ ಕಾಫಿ' ಧಾರಾಳವಾಗಿದ್ದವು. ಕೋರ್ಸಿನವರಿಗೆ ಇದು ಗೊತ್ತು. ಆದ್ದರಿಂದ ಶುರುವಿನ ಪಾಠಗಳೆಲ್ಲ ಆರ್ಟಿಕಲ್ ಕೀಳುವ ಪಾಠಗಳೇ: ಒಂದು ಪುಟ ತುಂಬ ವಾಕ್ಯ ಕೊಟ್ಟು, ಬೇಡದ 'ದಿ'ಗಳಿಗೆಲ್ಲ ಗೆರೆ ಎಳೆಯಿರಿ ಅನ್ನುತ್ತಾರೆ. ಕಳೆ ಕಿತ್ತ ಹಾಗೆ ಒಂದೊಂದೇ ಕಿತ್ತು ಹಾಕುವುದು ಅವನಿಗೆ ಖುಷಿಯಾಗಿಹೋಯಿತು. ಆಮೇಲೆ ಬರುತ್ತದೆ ಇಂಗ್ಲಿಷ್ ಕೇಳುವ, ಇಟಾಲಿಯನ್ ಕೇಳದ ಜಾಗ. ಕಸುಬು ಹೇಳುವಾಗ ಇಟಾಲಿಯನ್ನರು 'ಸೊನೊ ಮೆದಿಕೊ' ಅಂದರೆ ಸಾಕು, ಇಂಗ್ಲಿಷಿನಲ್ಲಿ 'ಐ ಆ್ಯಮ್ ಡಾಕ್ಟರ್' ಅಂದರೆ ಕಾಲು ಮುರಿದ ವಾಕ್ಯ, 'ಎ' ಬೇಕೇ ಬೇಕು.

ಎ ಮತ್ತು ಆ್ಯನ್ ಪಾಠವಂತೂ ಇಡೀ ಕೋರ್ಸಿನಲ್ಲಿ ಶ್ರೇಷ್ಠ. ಮುಂದಿನ ಪದದ ಉಚ್ಚಾರ ನೋಡಿ ಆರ್ಟಿಕಲ್ ಬದಲಿಸುವುದು ಇಟಾಲಿಯನ್ನರಿಗೆ ಮೊದಲೇ ಗೊತ್ತಿರುವ ವಿದ್ಯೆ. ವಿದ್ಯಾರ್ಥಿಗೆ 'ಲೊ ಸ್ತುದೆಂತೆ', ಆದರೆ ನಡುವೆ 'ಹೊಸ' ಅನ್ನುವ ಪದ ಬಂದರೆ 'ಇಲ್ ನುವೊವೊ ಸ್ತುದೆಂತೆ'. ಆರ್ಟಿಕಲ್ ನೋಡುವುದು ತನ್ನ ಪಕ್ಕದ ಪದವನ್ನು ಮಾತ್ರ. ಇಂಗ್ಲಿಷಿನಲ್ಲೂ ಅಷ್ಟೇ: 'ಆ್ಯನ್ ಅವರ್', ಆದರೆ 'ಎ ಹೋಲ್ ಅವರ್'. ಶಿಕ್ಷಕಿ ಇದನ್ನು ಇಟಾಲಿಯನ್‌ನಿಂದಲೇ ಎತ್ತಿಕೊಂಡು ತೋರಿಸಿದಾಗ ಗಂಡ 'ಇಷ್ಟೇನಾ!' ಅಂದ. ತೊಡಕಾಗುವುದು ಹಕಾರ. ಇಟಾಲಿಯನ್ನರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ, ಹೋಟೆಲ್ ಓಟೆಲ್ ಆಗುತ್ತದೆ, ಓಟೆಲ್ ಆದ ಮೇಲೆ ಅದರ ಹಿಂದೆ 'ಆ್ಯನ್' ತಾನಾಗಿ ಬಂದು ಕೂರುತ್ತದೆ. ಅದಕ್ಕಾಗಿಯೇ ಕೇಳಿ ಹೇಳುವ ಅಭ್ಯಾಸಗಳಿವೆ. ಧ್ವನಿಮುದ್ರಣ ಸ್ವಚ್ಛವಾಗಿದೆ, ಓದುವ ವೇಗವೂ ಹದವಾಗಿದೆ.

ಇನ್ನು ಮೋಡಲ್. ಇಲ್ಲಿ ಅದೇ ಶಿಕ್ಷಕಿ, ಅದೇ ಹಿನ್ನೆಲೆ ಗೋಡೆ, ಆದರೆ ತಲೆ ಓಡಿಸಿದವರು ಯಾರೂ ಇದ್ದಂತಿಲ್ಲ. ಮೊದಲ ಪರದೆಯಲ್ಲೇ ಒಂದು ಪಟ್ಟಿ: ಪೊತೇರೆ ಅಂದರೆ ಕ್ಯಾನ್, ದೊವೇರೆ ಅಂದರೆ ಮಸ್ಟ್. ಮುಗಿಯಿತು. ಆಮೇಲೆ ಕ್ಯಾನ್‌ಗೆ ಎಸ್ ಸೇರಿಸಬೇಡಿ ಅನ್ನುವುದನ್ನೇ ಅರೆಯುತ್ತಾರೆ. ಪೊಸ್ಸೊ, ಪುವೊಯಿ, ಪುವೊ ಅಂತ ವ್ಯಕ್ತಿಗೊಂದು ರೂಪ ಬದಲಿಸಿ ಬೆಳೆದವರಿಗೆ, ಯಾರಿಗಾದರೂ ಕ್ಯಾನ್ ಒಂದೇ ಅಂದರೆ ಅದು ನೆಮ್ಮದಿಯ ಸುದ್ದಿ, ಒಂದು ಸಲ ಹೇಳಿದರೆ ಸಾಕು. 'ಮಸ್ಟ್ ಟು ಗೋ' ಅನ್ನಬೇಡಿ ಅನ್ನುವುದನ್ನು ಮಾತ್ರ ಸರಿಯಾಗಿ ಕಲಿಸಿದ್ದಾರೆ. ಈಜು ಬರುತ್ತದೆ ಅನ್ನಲು ಇಟಾಲಿಯನ್ನರು ಪೊತೇರೆ ಬಳಸುವುದಿಲ್ಲ, 'ತಿಳಿದಿರು' ಎಂಬ ಅರ್ಥದ ಸಪೇರೆ ಬಳಸುತ್ತಾರೆ, ಇಂಗ್ಲಿಷಿಗೆ ಬಂದರೆ ಅದೂ ಕ್ಯಾನ್. ಪಟ್ಟಿಯಲ್ಲಿ ಸಪೇರೆಯ ಸುಳಿವೇ ಇಲ್ಲ. ನನ್ನ ಗಂಡ ಇವತ್ತಿಗೂ 'ಐ ನೋ ಸ್ವಿಮ್' ಅನ್ನುತ್ತಾನೆ.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ದೊವೇರೆಯ ವಿಷಯದಲ್ಲಿ. 'ನೊನ್ ದೇವಿ' ಅಂದರೆ ಇಟಾಲಿಯನ್‌ನಲ್ಲಿ ಮಾಡಬಾರದು ಅಂತಲೂ ಆಗುತ್ತದೆ, ಮಾಡಬೇಕಾಗಿಲ್ಲ ಅಂತಲೂ ಆಗುತ್ತದೆ, ಯಾವುದೆಂದು ಸಂದರ್ಭವೇ ಹೇಳಬೇಕು. ಇಂಗ್ಲಿಷ್ ಇವೆರಡನ್ನೂ ಖಡಾಖಂಡಿತವಾಗಿ ಬೇರೆ ಇಡುತ್ತದೆ: ಮೊದಲನೆಯದಕ್ಕೆ ಮಸ್ಟ್ ನಾಟ್, ಎರಡನೆಯದಕ್ಕೆ ಡೋಂಟ್ ಹ್ಯಾವ್ ಟು. ಕನ್ನಡದಲ್ಲೂ ಬೇರೆಬೇರೆಯೇ ಆದ್ದರಿಂದ ನಾವು ಇಲ್ಲಿ ಎಡವುವುದು ಕಡಿಮೆ. ಆದರೆ ಈ ಪಟ್ಟಿ ನಂಬಿದ ತಂತ್ರಜ್ಞ, 'ಮಷೀನ್ ಆಫ್ ಮಾಡಬೇಕಾಗಿಲ್ಲ' ಅಂತ ಹೇಳಲು ಹೋಗಿ 'ಆಫ್ ಮಾಡಬಾರದು' ಅಂದುಬಿಡುತ್ತಾನೆ. ಅತ್ತ ಕಡೆಯವರು ಅದನ್ನು ಆಜ್ಞೆ ಅಂತ ತೆಗೆದುಕೊಂಡರೆ? ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಮುಖ್ಯವಾದ ಮೋಡಲ್ ಪಾಠ ನನಗಂತೂ ಕಾಣದು. ಕೋರ್ಸಿನಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ, ಹ್ಯಾವ್ ಟು ಎಂಬ ಮಾತೇ ಎಲ್ಲೂ ಬರುವುದಿಲ್ಲ. ಅದಿಲ್ಲದ ಮೇಲೆ, ನಿನ್ನೆ ಹೋಗಬೇಕಾಯಿತು ಅನ್ನುವುದು ಹೇಗೆ? ಮಸ್ಟ್‌ಗೆ ಭೂತಕಾಲದ ರೂಪವಿಲ್ಲ, ಹ್ಯಾಡ್ ಟು ಬೇಕು. ದೊವೇರೆಯದೇ ಇನ್ನೊಂದು ರೂಪವಾದ ದೊವ್ರೇಯಿ ಅನ್ನುವಲ್ಲಿ ಶುಡ್ ಬರುತ್ತದೆ ಅನ್ನುವುದನ್ನು ಪುಸ್ತಕದ ಒಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದ್ದಾರೆ, ಹುಡುಕಿದರೆ ಸಿಗುತ್ತದೆ.

ಎರಡೂ ಭಾಗಗಳನ್ನು ಬಿಡಿಯಾಗಿ ಮಾರುತ್ತಾರೆ, ಆದ್ದರಿಂದ ಆರ್ಟಿಕಲ್ ಭಾಗ ಮಾತ್ರ ಕೊಳ್ಳಿ. ಮೋಡಲ್‌ಗೆ ಯಾವುದಾದರೂ ಸಾಧಾರಣ ವ್ಯಾಕರಣ ಪುಸ್ತಕ ಸಾಕು, ಹ್ಯಾವ್ ಟು ಅದರಲ್ಲಿದೆಯೇ ಅಂತ ಮಾತ್ರ ಪರಿವಿಡಿ ನೋಡಿ ತೆಗೆದುಕೊಳ್ಳಿ. ಕೊನೆಯಲ್ಲಿ ಎ2 (ಭಾಷೆ ಕಲಿಕೆಯ ಆರಂಭದ ಮಟ್ಟಗಳಲ್ಲೊಂದು) ಅಂತ ದೊಡ್ಡದಾಗಿ ಬರೆದ ಪ್ರಮಾಣಪತ್ರ ಕೊಡುತ್ತಾರೆ. ಆ ಮಟ್ಟಗಳ ಚೌಕಟ್ಟು ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ್ದು, ಆದರೆ ಪತ್ರದ ಮೇಲಿನ ಮೊಹರು ಕೋರ್ಸ್ ಮಾರುವವರದ್ದೇ. ಕೆಲಸಕ್ಕೆ ಕಾಗದ ತೋರಿಸಬೇಕಾದವರು ಅಧಿಕೃತ ಪರೀಕ್ಷೆಗೆ ಬೇರೆ ದುಡ್ಡು ಎತ್ತಿಡಬೇಕು.