ವಿದೇಶದಿಂದ ವಾಪಸ್ ಬಂದವರ ಖಾತೆ ಸೇವೆ, ಮಡಿಕೇರಿ ಶಾಖೆ: 5ಕ್ಕೆ 3

ದುಬೈನ ಬ್ಯಾಂಕ್ ಕೆಲಸ ಬಿಟ್ಟು ಊರಿಗೆ ಬಂದು, ಇಲ್ಲೇ ಒಂದು ಖಾಸಗಿ ಬ್ಯಾಂಕಿನ ಕೃಷಿ ಸಾಲ ವಿಭಾಗಕ್ಕೆ ಸೇರಿದ್ದೇನೆ. ಈ ವಿಮರ್ಶೆ ನನ್ನ ಬ್ಯಾಂಕಿನದ್ದಲ್ಲ. ನನ್ನ ಎನ್‌ಆರ್‌ಇ ಖಾತೆ (ವಿದೇಶದಲ್ಲಿ ದುಡಿದದ್ದನ್ನು ಅನಿವಾಸಿಗಳು ಇಲ್ಲಿ ರೂಪಾಯಿಯಲ್ಲಿ ಇಡುವ ಖಾತೆ) ಇದ್ದ ಇನ್ನೊಂದು ಬ್ಯಾಂಕಿನದ್ದು. ಹೆಸರು ಹಾಕುವುದಿಲ್ಲ. ಹಾಕಿದರೆ ಎದುರು ಬ್ಯಾಂಕಿನವನ ಹೊಟ್ಟೆಕಿಚ್ಚು ಅಂತೀರಿ.

ಹೋಗಿದ್ದು ಆ ಖಾತೆಯನ್ನು ಬದಲಾಯಿಸಲು. ಈ ಕೆಲಸ ಯಾಕೆ ಬೇಕು ಅಂದರೆ, ಉದ್ಯೋಗಕ್ಕೆ ಅಂತ ಭಾರತಕ್ಕೆ ವಾಪಸ್ ಬಂದ ಮೇಲೆ ವಿದೇಶಿ ವಿನಿಮಯದ ಫೆಮಾ ಕಾಯ್ದೆಯ ಲೆಕ್ಕದಲ್ಲಿ ನೀವು ಇಲ್ಲಿನ ನಿವಾಸಿ. ಎನ್‌ಆರ್‌ಇ ಖಾತೆಯನ್ನು ಮಾಮೂಲಿ ಖಾತೆಯಾಗಿ ಬದಲಾಯಿಸಬೇಕು, ಇಲ್ಲ ಅದರ ಹಣವನ್ನು ಆರ್‌ಎಫ್‌ಸಿ ಖಾತೆಗೆ (ವಾಪಸ್ ಬಂದವರು ವಿದೇಶಿ ಕರೆನ್ಸಿಯಲ್ಲೇ ಹಣ ಇಡುವ ಖಾತೆ) ಹಾಕಬೇಕು. 182 ದಿನ ಆಗಲಿ, ಆಮೇಲೆ ನೋಡೋಣ ಅಂತ ತುಂಬಾ ಜನ ಕೂತಿರುತ್ತಾರೆ. ಅದು ಆದಾಯ ತೆರಿಗೆಯ ಲೆಕ್ಕವನ್ನು ಇಲ್ಲಿಗೆ ತಂದು ಕಲಸುವುದು. ಬ್ಯಾಂಕಿನಲ್ಲೇ ಕೆಲಸ ಮಾಡುವವನು ಇದನ್ನು ಹಾಗೇ ಬಿಟ್ಟರೆ ಚೆನ್ನಾಗಿರುವುದಿಲ್ಲ ಅಲ್ವಾ.

ಆ್ಯಪ್‌ನಲ್ಲಿ 'ಮನೆಯಲ್ಲೇ ಕುಳಿತು ಬದಲಾಯಿಸಿ' ಅಂತ ದೊಡ್ಡದಾಗಿ ಬರೆದಿದ್ದಾರೆ. ಒತ್ತಿದರೆ ಒಟಿಪಿ ಹೋಗುವುದು ದುಬೈ ನಂಬರಿಗೆ. ಆ ಸಿಮ್ ಅಲ್ಲೇ ಬಂದ್ ಮಾಡಿಸಿ ಬಂದಿದ್ದೆ. ಹೊಸ ನಂಬರ್ ಹಾಕೋಣ ಅಂದರೆ ಅದಕ್ಕೂ ಹಳೆ ನಂಬರಿನ ಒಟಿಪಿಯೇ ಬೇಕಂತೆ! ಸಹಾಯವಾಣಿಗೆ ಫೋನ್ ಮಾಡಿದರೆ, ಅರ್ಧ ಗಂಟೆ ಹಾಡು ಕೇಳಿಸಿ, ಹತ್ತಿರದ ಶಾಖೆಗೆ ಹೋಗಿ ಅಂದರು. ಆ್ಯಪ್‌ಗೆ ಸೊನ್ನೆ, ಸಹಾಯವಾಣಿಗೂ ಸೊನ್ನೆ.

ಶಾಖೆಯಲ್ಲಿ ಮೊದಲ ತೊಡಕು ವಿಳಾಸ. ನಮ್ಮ ಕಡೆ ಮನೆಗೆ ಹೆಸರಿರುತ್ತದೆ, ಆಮೇಲೆ ಗ್ರಾಮ, ಅಂಚೆ, ತಾಲೂಕು, ಅಷ್ಟೇ. ಅವರ ಕಂಪ್ಯೂಟರಿಗೆ ಮನೆ ನಂಬರ್ ಮತ್ತು ರಸ್ತೆ ಹೆಸರು ಇಲ್ಲದೆ ಮುಂದಕ್ಕೇ ಹೋಗಲು ಬರುವುದಿಲ್ಲ. ಕರೆಂಟ್ ಬಿಲ್ ಕೊಡಿ ಅಂದರು, ಅದು ಇನ್ನೂ ತೀರಿಹೋದ ತಾತನ ಹೆಸರಲ್ಲಿದೆ. ಆರ್‌ಟಿಸಿ ನೋಡಿದರೆ ಜಮ್ಮಾ ಜಾಗ (ಕೊಡಗಿನ ಕುಟುಂಬಗಳ ವಂಶಪಾರಂಪರ್ಯದ ಜಮೀನು), ಪಟ್ಟೇದಾರರ ಅಂದರೆ ಕುಟುಂಬದ ಹಿರಿಯರ ಹೆಸರು, ಜೊತೆಗೆ ಕುಟುಂಬದ ಒಂದು ರಾಶಿ ಹೆಸರು. ಕೊಡಗಿನಲ್ಲಿ ಶಾಖೆ ಇಟ್ಟುಕೊಂಡು ಇಷ್ಟು ಗೊತ್ತಿಲ್ಲ ಅಂದರೆ ಹೇಗೆ? ಕೊನೆಗೆ ಆಧಾರ್ ಕಾರ್ಡಿನಲ್ಲಿ ಊರಿನ ವಿಳಾಸ ಇದ್ದದ್ದರಿಂದ ಬಚಾವ್. ವಿಮಾನ ಇಳಿದವರು ಮೊದಲು ಅದನ್ನು ಸರಿ ಮಾಡಿಸಿಕೊಳ್ಳಿ.

ಕೌಂಟರಿನಲ್ಲಿದ್ದ ಹುಡುಗನಿಗೆ ಆರ್‌ಎಫ್‌ಸಿ ಅಂದರೆ ಏನಂತಲೇ ಗೊತ್ತಿರಲಿಲ್ಲ. ಕಾಫಿ ಸಾಲ, ಚಿನ್ನದ ಸಾಲ ಕೇಳಿ, ನಿದ್ದೆಯಲ್ಲೂ ಹೇಳುತ್ತಾನೆ. ಎಫ್‌ಸಿಎನ್‌ಆರ್ ಠೇವಣಿಯನ್ನು (ಅನಿವಾಸಿಗಳು ವಿದೇಶಿ ಕರೆನ್ಸಿಯಲ್ಲಿ ಇಡುವ ಠೇವಣಿ) ಈಗಲೇ ಮುರಿಯಬೇಕು ಸಾರ್ ಅಂದ. ತಪ್ಪು. ನಾವು ಬಯಸಿದರೆ ಅದು ಅವಧಿ ಮುಗಿಯುವ ತನಕ ಒಪ್ಪಿದ ಬಡ್ಡಿಯಲ್ಲೇ ಮುಂದುವರಿಯಬಹುದು. ಅದು ಗೊತ್ತಿಲ್ಲದ ಹುಡುಗ, ದುಬೈ ದುಡ್ಡು ಅಂತ ವಾಸನೆ ಹಿಡಿದ ತಕ್ಷಣ ವಿಮೆ ಪಾಲಿಸಿಯ ಪುಸ್ತಕ ಮಾತ್ರ ಸರಾಗವಾಗಿ ಬಿಡಿಸಿದ.

ನನ್ನ ಪುಣ್ಯಕ್ಕೆ ಸಾಲದ ವಿಭಾಗದ ಮೇಡಂ ಒಬ್ಬರು ಇದನ್ನೆಲ್ಲ ಕೇಳಿಸಿಕೊಂಡು ಎದ್ದು ಬಂದರು. ಅವರಿಗೂ ಆರ್‌ಎಫ್‌ಸಿ ಹೊಸದು. ಆದರೆ ಗೊತ್ತಿಲ್ಲ ಅಂತ ನೇರ ಹೇಳಿದರು, ನನ್ನ ಎದುರೇ ರಿಸರ್ವ್ ಬ್ಯಾಂಕಿನ ನಿಯಮ ತೆಗೆದು ಓದಿದರು, ಬೆಂಗಳೂರಿಗೆ ಫೋನ್ ಮಾಡಿ ಯಾವ ಫಾರಂ ಅಂತ ಕೇಳಿಕೊಂಡರು. ಮಳೆಗೆ ನೆಟ್‌ವರ್ಕ್ ಹೋಗಿ ಕೆಲಸ ನಿಂತಾಗಲೂ ನಾಳೆ ಬನ್ನಿ ಅಂತ ಸಾಗಹಾಕದೆ, ಕಾಗದಗಳನ್ನೆಲ್ಲ ಇಟ್ಟುಕೊಂಡು ಸಂಜೆ ಮುಗಿಸಿ ಮೆಸೇಜ್ ಹಾಕಿದರು. ಕೊಟ್ಟಿರುವ 3 ಸ್ಟಾರ್ ಪೂರ್ತಿ ಅವರದ್ದೇ, ಬ್ಯಾಂಕಿನದ್ದಲ್ಲ.

ಆರ್‌ಎಫ್‌ಸಿಗೆ ಇಷ್ಟು ಯಾಕೆ ಹಟ ಹಿಡಿದೆ ಅಂದರೆ, ಡಾಲರ್ ಡಾಲರ್ ಆಗಿಯೇ ಇರುತ್ತದೆ, ನಾಳೆ ಮಕ್ಕಳ ಓದಿಗೆ ಹೊರಗೆ ಕಳಿಸಬೇಕಾದರೆ ತಡೆ ಇಲ್ಲ. ತೆರಿಗೆಯಲ್ಲಿ ನೀವು ಆರ್‌ಎನ್‌ಒಆರ್ (ನಿವಾಸಿ, ಆದರೆ ಸಾಮಾನ್ಯ ನಿವಾಸಿ ಅಲ್ಲ) ಆಗಿರುವಷ್ಟು ಕಾಲ ಅದರ ಬಡ್ಡಿಗೆ ತೆರಿಗೆಯೂ ಇಲ್ಲ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದರೆ, ಅಥವಾ ಹಿಂದಿನ 7 ವರ್ಷಗಳಲ್ಲಿ ಭಾರತದಲ್ಲಿ ಇದ್ದದ್ದು 729 ದಿನ ಮೀರದಿದ್ದರೆ ಈ ಸ್ಥಾನ ಸಿಗುತ್ತದೆ. ಎನ್‌ಆರ್‌ಇ ಬಡ್ಡಿಯ ತೆರಿಗೆ ವಿನಾಯಿತಿ ಮಾತ್ರ ಫೆಮಾ ಲೆಕ್ಕದಲ್ಲಿ ನಿವಾಸಿಯಾದ ಕೂಡಲೇ ಹೋಗುತ್ತದೆ.

ಕ್ಯೂನಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು, "ಅಷ್ಟು ವರ್ಷ ಅಲ್ಲಿ ಬ್ಯಾಂಕಲ್ಲಿದ್ದಿ, ಇಲ್ಲಿ ಸರ್ಕಾರಿ ಬ್ಯಾಂಕಿಗೆ ಸೇರಬಾರದಿತ್ತಾ ಮಗಾ" ಅಂದರು. ಎಲ್ಲರೂ ಕೇಳುವ ಪ್ರಶ್ನೆ ಇದು. ಸರ್ಕಾರಿ ಬ್ಯಾಂಕಿನಲ್ಲಿ ಅಧಿಕಾರಿ ಹುದ್ದೆಯ ಮುಖ್ಯ ಬಾಗಿಲು ಐಬಿಪಿಎಸ್ ಅನ್ನುವ ನೇಮಕಾತಿ ಪರೀಕ್ಷೆ. ಪಿಒ (ಪ್ರೊಬೇಷನರಿ ಅಧಿಕಾರಿ) ಹುದ್ದೆಗೆ ಸಾಮಾನ್ಯ ವರ್ಗದವರಿಗೆ 30 ದಾಟಿದರೆ ಆಯಿತು, ವಿದೇಶದ ಅನುಭವ ಎಷ್ಟಿದ್ದರೂ ವಯಸ್ಸು ಇಳಿಯುವುದಿಲ್ಲ. ನನ್ನಂಥವರಿಗೆ ಸುಲಭಕ್ಕೆ ಸಿಗುವುದು ಖಾಸಗಿ ಬ್ಯಾಂಕ್. ಅವರಿಗೆ ಇದು ಸಮಾಧಾನ ಆಗಲಿಲ್ಲ, ವಿಜಯ ಬ್ಯಾಂಕಲ್ಲಿ ಕೇಳಿ ನೋಡು ಅಂದರು. ಅದು 2019ರಲ್ಲೇ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು, ಕಾರ್ಪೊರೇಷನ್ ಬ್ಯಾಂಕೂ 2020ರಲ್ಲಿ ಯೂನಿಯನ್ ಬ್ಯಾಂಕ್ ಪಾಲಾಯಿತು ಅಂದರೆ, ನಮಗೆ ಅದು ಈಗಲೂ ವಿಜಯ ಬ್ಯಾಂಕೇ ಅಂದುಬಿಟ್ಟರು.

ಹೋಗುವವರು ಪಾಸ್‌ಪೋರ್ಟ್, ರದ್ದಾದ ವೀಸಾದ ಪ್ರತಿ, ಪ್ಯಾನ್, ಆಧಾರ್, ಕೆಲಸಕ್ಕೆ ಸೇರಿದ ಪತ್ರ ಎಲ್ಲ ಒಟ್ಟಿಗೆ ಹಿಡಿದುಕೊಂಡು ಹೋಗಿ. ದುಬೈ ಸಿಮ್ ಬಂದ್ ಮಾಡಿಸುವ ಮೊದಲೇ ನಂಬರ್ ಬದಲಾಯಿಸಿಕೊಂಡರೆ ಅರ್ಧ ತಲೆನೋವು ತಪ್ಪುತ್ತದೆ. ಶುಕ್ರವಾರ ಮಾತ್ರ ಬೇಡ. ಸಂತೆ ದಿನ, ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ.