ಲಿಯೋನ್‌ನಲ್ಲಿ ನಾನು ಮತ್ತೆ ಮತ್ತೆ ಹೋಗುವ ಅಂಗಡಿಗಳು

ಫ್ರಾನ್ಸ್‌ನ ಲಿಯೋನ್‌ಗೆ ಯಾರೇ ಬಂದರೂ ನಾನು ಮೊದಲು ಕರೆದುಕೊಂಡು ಹೋಗುವುದು ಪ್ರಾಲ್ಯೂ ಅಂಗಡಿಗೆ. ಅಲ್ಲಿನ ಪ್ರಾಲ್ಯುಲಿನ್ ಅನ್ನು ಓಗುಸ್ತ್ ಪ್ರಾಲ್ಯೂ 1955ರಲ್ಲಿ ಪಕ್ಕದ ರೋವಾನ್ ಊರಿನಲ್ಲಿ ಮೊದಲು ಮಾಡಿದರು. ಧಾರಾಳ ಬೆಣ್ಣೆ ಹಾಕಿದ ಬ್ರಿಯೋಶ್ ಬನ್ನು, ಒಳಗೆ ಗುಲಾಬಿ ಬಣ್ಣದ ಸಕ್ಕರೆ ಮೆತ್ತಿದ ಬಾದಾಮಿ, ಹೇಜಲ್‌ನಟ್ ಚೂರು. ಬಿಸಿಯಾಗಿದ್ದಾಗಲೇ ತಗೊಳ್ಳಿ. ಕೈಯಲ್ಲಿ ಮುರಿದರೆ ಎಳೆ ಎಳೆಯಾಗಿ ಬಿಡುತ್ತದೆ. ಸಕ್ಕರೆ ಕರಗಿದ ಜಾಗ ಅಂಟಂಟು, ಕರಗದ ಜಾಗ ಕರುಂ ಕರುಂ. ಮನೆ ತಲುಪುವಷ್ಟರಲ್ಲಿ ಕಾಗದದ ಚೀಲದ ತಳವೆಲ್ಲ ಬೆಣ್ಣೆ. ಮೊಟ್ಟೆ ತಿನ್ನದವರು ಗಮನಿಸಿ, ಇದರಲ್ಲಿ ಮೊಟ್ಟೆ ಇದೆ.

ಚಾಕೊಲೇಟ್‌ಗೆ ಬೆರ್ನಾಶೋನ್. ಕೋಕೋ ಬೀಜ ಹುರಿಯುವುದರಿಂದ ಹಿಡಿದು ಎಲ್ಲ ಕೆಲಸವೂ ಅವರದೇ. ಬೆಲೆ ಜಾಸ್ತಿ, ಆದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ವುವಾಜಾನ್ ಅಂಗಡಿಯ ಕುಸ್ಸೇನ್ ಅಂದರೆ ರೇಷ್ಮೆ ದಿಂಬಿನ ಆಕಾರದ ಹಸಿರು ಮಿಠಾಯಿ. ಒಳಗೆ ಚಾಕೊಲೇಟ್, ಹೊರಗೆ ಬಾದಾಮಿ ಹೂರಣ. ಊರಿಗೆ ಒಯ್ಯಲು ಚೆನ್ನಾಗಿದೆ, ಆದರೆ ಕ್ಯುರಸಾವೊ ಮದ್ಯ ಹಾಕಿರುತ್ತಾರೆ. ಅಮ್ಮನಿಗೆ ಕೊಡುವ ಮೊದಲು ನಾನು ಹೇಳಿಯೇ ಕೊಟ್ಟೆ.

ಕಾಫಿ ವಿಷಯದಲ್ಲಿ ಸ್ವಲ್ಪ ಹುಷಾರು. ಹಳೇ ಊರಿನ ಪ್ರವಾಸಿ ಬೀದಿಯ ಒಂದು ಕೆಫೆಯಲ್ಲಿ ಸುಟ್ಟ ವಾಸನೆಯ ಕಾಫಿ ಕುಡಿದು ಬೇಜಾರಾಗಿತ್ತು. ಚಿಕ್ಕಮಗಳೂರಿನ ನಾಲಿಗೆ, ಅಲ್ವಾ! ಕ್ರುವಾ-ರೂಸ್ ಗುಡ್ಡದ ಇಳಿಜಾರಿನ 'ಲಾ ಬುವಾತ್ ಆ ಕಾಫೆ' ಎಂಬ ಕೆಫೆ ಸಿಕ್ಕ ಮೇಲೆ ನೆಮ್ಮದಿ. ಪುಟ್ಟ ಜಾಗ, ಶನಿವಾರ ಬೆಳಿಗ್ಗೆ ಬೇಗ ಹೋಗಿ, ಕಿಟಕಿ ಪಕ್ಕ ಸುಮ್ನೆ ಕೂತುಬಿಡಿ.