ಸಮ್ಮತಿಯ ವಯಸ್ಸು: ಕಟ್ಟುನಿಟ್ಟಿನ ಗೆರೆಯೋ, ಅಂತರದ ವಿನಾಯಿತಿಯೋ?

ಹದಿಹರೆಯದವರ ಸಂಬಂಧಗಳಿಗೆ ಯಾವ ಬಗೆಯ ಕಾನೂನು ತಕ್ಕುದೆಂದು ತೀರ್ಮಾನಿಸಬೇಕಾದವರ ಮುಂದೆ ಮುಖ್ಯವಾಗಿ ಎರಡು ಮಾದರಿಗಳಿವೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಲೆಂದು ಭಾರತ ಮಾಡಿದ 2012ರ ಪೋಕ್ಸೊ ಕಾಯ್ದೆಯಲ್ಲಿ 18 ತುಂಬದವರೆಲ್ಲರೂ ಮಕ್ಕಳು. ಲೈಂಗಿಕ ಸಂಬಂಧಕ್ಕೆ ಅವರು ಕೊಡುವ ಒಪ್ಪಿಗೆಗೆ ಕಾನೂನಿನ ಮಾನ್ಯತೆಯಿಲ್ಲ. ‘ಮಗುವೇ ಒಪ್ಪಿತ್ತು’ ಎಂಬ ನೆಪವನ್ನು ಆರೋಪಿಯ ಬಾಯಿಂದ ಕಿತ್ತುಕೊಳ್ಳುವುದು ಇದರ ನಿಜವಾದ ಬಲ. ಆದರೆ 17ರ ಹುಡುಗಿ ಮತ್ತು 19ರ ಹುಡುಗನ ಪ್ರೇಮವೂ ಅದೇ ಕಾಯ್ದೆಯಡಿ ಬರುತ್ತದೆ. ಆಕೆ ಗರ್ಭಿಣಿಯಾಗಿ ಆಸ್ಪತ್ರೆಗೆ ಬಂದರೆ ವೈದ್ಯರು 19ನೇ ಕಲಮಿನ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕಾಗುವುದರಿಂದ, ದೂರು ಕೊಡುವ ಮನಸ್ಸು ಯಾರಿಗೂ ಇಲ್ಲದಿದ್ದರೂ ಹುಡುಗ ಜೈಲು ಸೇರಬಹುದು.

ಕೆನಡಾ 2008ರಲ್ಲಿ ಸಮ್ಮತಿಯ ವಯಸ್ಸನ್ನು 14ರಿಂದ 16ಕ್ಕೆ ಏರಿಸಿದರೂ, ಸರಿಸುಮಾರು ಒಂದೇ ಪ್ರಾಯದವರಿಗೆ ವಿನಾಯಿತಿ ಇಟ್ಟಿತು: 14–15ರವರ ಸಂಗಾತಿಯ ವಯಸ್ಸಿನ ಅಂತರ ಐದು ವರ್ಷಕ್ಕಿಂತ ಕಡಿಮೆಯಿರಬೇಕು, ಜೊತೆಗೆ ಅಧಿಕಾರ, ನಂಬಿಕೆ ಅಥವಾ ಅವಲಂಬನೆಯ ಸಂಬಂಧ ಇರಬಾರದು. ಎರಡನೆಯ ಷರತ್ತೇ ಇದರ ಜೀವಾಳ. ಅದಿಲ್ಲದ ವಿನಾಯಿತಿ ಶೋಷಕರಿಗೆ ತೆರೆದ ಬಾಗಿಲಾದೀತು.

ನ್ಯಾಯದ ದೃಷ್ಟಿಯಿಂದ ನನಗೆ ಎರಡನೆಯ ಮಾದರಿಯೇ ಮೇಲೆನಿಸುತ್ತದೆ. ಭಾರತದ ಕಾನೂನು ಆಯೋಗವಾದರೋ 2023ರ ತನ್ನ 283ನೇ ವರದಿಯಲ್ಲಿ ವಯಸ್ಸನ್ನು ಇಳಿಸಲು ಒಪ್ಪದೆ, 16ರಿಂದ 18ರವರ ಪ್ರಕರಣಗಳಲ್ಲಿ ಶಿಕ್ಷೆಯ ವಿಷಯದಲ್ಲಿ ನ್ಯಾಯಾಧೀಶರಿಗೆ ವಿವೇಚನಾಧಿಕಾರ ನೀಡುವ ನಡುದಾರಿಯನ್ನು ಸೂಚಿಸಿತು.